ಕರೆಂಟ್ ಹೋಗಿ ಬಂದರೆ ರೂಟರ್ ಏಳುತ್ತದೆ, ಇಂಟರ್ನೆಟ್ ಏಳುವುದಿಲ್ಲ. ಫೋಟೊ ಕಳುಹಿಸಿದರೆ ಅರ್ಧಕ್ಕೇ ನಿಲ್ಲುತ್ತದೆ

ಪ್ರಶ್ನೆ: ಕೌಲ್‌ಬಜಾರ್ ಜೀನ್ಸ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಕೆಳಗೆ ಕಟಿಂಗ್ ಮತ್ತು ಹೊಲಿಗೆ, ಮೇಲಿನ ಕೋಣೆಯಲ್ಲಿ ಆಫೀಸು. ಆಫೀಸಿನಲ್ಲಿ ನಾಲ್ಕು ವಿಂಡೋಸ್ ಕಂಪ್ಯೂಟರ್‌ಗಳು, ಒಂದು ಪ್ರಿಂಟರ್ ಮತ್ತು ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್ ಇವೆ. ಮೂರು ತಿಂಗಳ ಹಿಂದಿನವರೆಗೆ ಇಂಟರ್ನೆಟ್ ಸೇವಾದಾರರು ಕೊಟ್ಟ ಪೆಟ್ಟಿಗೆಯೇ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಲೆಕ್ಕಪತ್ರದ ಕಂಪ್ಯೂಟರಿಗೆ ಹೊರಗಿನವರು ಕೈಹಾಕಬಾರದು, ಡಿವಿಆರ್ ನನ್ನ ಅರಿವಿಗೆ ಬಾರದೆ ಹೊರಗಿನವರೊಡನೆ ಮಾತಾಡಬಾರದು ಎಂಬ ಉದ್ದೇಶದಿಂದ, ಎರಡು ಲ್ಯಾನ್ ಪೋರ್ಟುಗಳಿರುವ, ಫ್ಯಾನ್ ಇಲ್ಲದ ಸಣ್ಣ ಕಂಪ್ಯೂಟರೊಂದನ್ನು ತಂದು, ಅದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆ ಹಾಕಿ, ಅದನ್ನೇ ರೂಟರ್ ಮಾಡಿಕೊಂಡಿದ್ದೇನೆ. ಫೈಬರ್ ಮೋಡೆಮ್ ಬ್ರಿಡ್ಜ್ ಸ್ಥಿತಿಯಲ್ಲಿದೆ, ಅಂದರೆ ಬಂದದ್ದನ್ನು ಹಾಗೇ ದಾಟಿಸುತ್ತದೆ ಅಷ್ಟೇ. ಸೇವಾದಾರರ ಜಾಲಕ್ಕೆ ಸೇರುವ ಪಿಪಿಪಿಒಇ ಲಾಗಿನ್ ಆಗುವುದು ನನ್ನ ಡೆಬಿಯನ್ ಯಂತ್ರದಿಂದ. ವಿಳಾಸ ಹಂಚುವುದಕ್ಕೆ ಡಿಎನ್‌ಎಸ್‌ಮಾಸ್ಕ್, ಫೈರ್‌ವಾಲ್‌ಗೆ ಎನ್‌ಎಫ್‌ಟೇಬಲ್ಸ್ ಬಳಸಿದ್ದೇನೆ.

ಮೂರು ತೊಂದರೆಗಳಿವೆ. ಮೊದಲನೆಯದು: ಕೆಲವು ಜಾಲತಾಣಗಳು ತಕ್ಷಣ ತೆರೆಯುತ್ತವೆ, ಕೆಲವು ಬಿಳಿ ಪುಟದಲ್ಲೇ ತಿರುಗುತ್ತ ಕೂರುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಫೋಟೊ ಕಳುಹಿಸುವ ಕೆಲಸ. ಹೊಸ ಪ್ಯಾಂಟಿನ ಸ್ಯಾಂಪಲ್‌ನ ಫೋಟೊಗಳನ್ನು ಖರೀದಿದಾರರ ತಾಣಕ್ಕೆ ಏರಿಸಲು ಹೋದರೆ, ಪಟ್ಟಿ ಸ್ವಲ್ಪ ಮುಂದೆ ಸರಿದು ಅಲ್ಲೇ ನಿಲ್ಲುತ್ತದೆ. ಹತ್ತು ನಿಮಿಷ ಕಾದರೂ ಅಲುಗುವುದಿಲ್ಲ. ಅದೇ ಫೋಟೊವನ್ನು ಮೊಬೈಲ್ ಡೇಟಾದಲ್ಲಿ ಕಳುಹಿಸಿದರೆ ಅರೆ ನಿಮಿಷದಲ್ಲಿ ಹೋಗುತ್ತದೆ.

ಎರಡನೆಯದು: ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಸರಿಯಾಗಿ ಏಳುತ್ತದೆ, ಹೊರಗಿನ ಲೈನಿನ ಪಿಪಿಪಿ0 ಎಂಬ ಇಂಟರ್ಫೇಸ್‌ಗೆ ವಿಳಾಸವೂ ಸಿಗುತ್ತದೆ, ರೂಟರಿನಲ್ಲೇ ಕೂತು ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರವೂ ಬರುತ್ತದೆ, ಆದರೆ ಆಫೀಸಿನ ಒಂದು ಕಂಪ್ಯೂಟರಿಗೂ ಇಂಟರ್ನೆಟ್ ಇರುವುದಿಲ್ಲ. ಎನ್‌ಎಫ್‌ಟೇಬಲ್ಸ್ ಸೇವೆಯನ್ನು ಕೈಯಾರೆ ಮರುಪ್ರಾರಂಭಿಸಿದ ಕೂಡಲೇ ಎಲ್ಲವೂ ಸರಿಯಾಗುತ್ತದೆ. ಕೆಲವು ರಾತ್ರಿ ಲೈನ್ ಒಂದು ನಿಮಿಷ ಕಡಿದು ಮತ್ತೆ ಬಂದಾಗಲೂ ಇದೇ ಆಗುತ್ತದೆ. ನಾನು ಊರಲ್ಲಿಲ್ಲದ ದಿನ ನಮ್ಮ ಕಟಿಂಗ್ ಮಾಸ್ಟರ್‌ಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಆ ಆಜ್ಞೆಯನ್ನು ಟೈಪ್ ಮಾಡಿಸಬೇಕಾಗಿ ಬರುತ್ತದೆ.

ಮೂರನೆಯದು: ಮನೆಯಿಂದ ಕ್ಯಾಮೆರಾ ನೋಡಲೆಂದು ಡಿವಿಆರ್‌ಗೆ ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಹೊರಗಿನಿಂದ ರೂಟರಿಗೆ ಬಂದ ಕೋರಿಕೆಯನ್ನು ಡಿವಿಆರ್‌ಗೆ ದಾಟಿಸುವ ಸಾಲು ಬರೆದಿದ್ದೇನೆ. ಅದು ಒಂದು ದಿನವೂ ಕೆಲಸ ಮಾಡಿಲ್ಲ. ಪಿಪಿಪಿ0 ವಿಳಾಸ ಯಾವಾಗಲೂ 100.72 ಎಂದು ಆರಂಭವಾಗುತ್ತದೆ.

ನನ್ನ ನಿಯಮಗಳ ಸಾರಾಂಶ ಹೀಗಿದೆ: ಇನ್‌ಪುಟ್ (ರೂಟರಿಗೇ ಬರುವುದು) ಮತ್ತು ಫಾರ್ವರ್ಡ್ (ರೂಟರನ್ನು ದಾಟಿ ಹೋಗುವುದು) ಎಂಬ ಸರಪಳಿಗಳ, ಅಂದರೆ ನಿಯಮಪಟ್ಟಿಗಳ, ಮೂಲನೀತಿ ಡ್ರಾಪ್, ಎಂದರೆ ಎಸೆಯುವುದು. ಇನ್‌ಪುಟ್, ಔಟ್‌ಪುಟ್ (ರೂಟರ್ ತಾನೇ ಕಳುಹಿಸುವುದು), ಫಾರ್ವರ್ಡ್ ಮೂರರಲ್ಲೂ ಐಸಿಎಂಪಿಯನ್ನು, ಅಂದರೆ ಪಿಂಗ್ ಮತ್ತು ಜಾಲದ ದೋಷ ಸಂದೇಶಗಳನ್ನು, ಡ್ರಾಪ್ ಮಾಡುವ ನಿಯಮ ಮೊದಲಿಗಿದೆ. ಅದರ ನಂತರ ಎಸ್ಟಾಬ್ಲಿಷ್ಡ್ (ಈಗಾಗಲೇ ನಡೆಯುತ್ತಿರುವ) ಮತ್ತು ರಿಲೇಟೆಡ್ (ಅವಕ್ಕೆ ಸಂಬಂಧಿಸಿದ) ಸಂಪರ್ಕಗಳಿಗೆ ಅನುಮತಿ. ಆಮೇಲೆ ಐಐಎಫ್ (ಒಳಬರುವ ಇಂಟರ್ಫೇಸ್) ಲ್ಯಾನ್ ಪೋರ್ಟ್, ಒಐಎಫ್ (ಹೊರಹೋಗುವ ಇಂಟರ್ಫೇಸ್) ಪಿಪಿಪಿ0 ಎಂದು ಬರೆದು ಅನುಮತಿ. ಕೊನೆಗೆ ಒಐಎಫ್ ಪಿಪಿಪಿ0 ಮಾಸ್ಕರೇಡ್, ಅಂದರೆ ಒಳಗಿನ ವಿಳಾಸದ ಬದಲು ರೂಟರಿನ ವಿಳಾಸ ಹಾಕಿ ಹೊರಗೆ ಕಳುಹಿಸುವುದು. ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಕೆಂದು ನನಗೆ ಈ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಪ್ರಯೋಗಾಲಯ ಸಹಾಯಕ, ರಾಯಚೂರು

ನಮಸ್ಕಾರ ಸರ್. ನಿಮ್ಮ ಮೊದಲನೆಯ ತೊಂದರೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದೇ ತೊಂದರೆಯಿಂದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಎರಡು ವಾರ ಒದ್ದಾಡಿದ್ದೇನೆ.

ಈಥರ್ನೆಟ್ ಒಂದು ಸಲಕ್ಕೆ ಹೊರಬಲ್ಲ ಪ್ಯಾಕೆಟ್ಟಿನ ಗಾತ್ರ 1500 ಬೈಟ್. ಪಿಪಿಪಿಒಇ ತನ್ನ ತಲೆಬರಹಕ್ಕೆಂದು ಅದರಲ್ಲಿ 8 ಬೈಟ್ ತೆಗೆದುಕೊಳ್ಳುತ್ತದೆ, ಹಾಗಾಗಿ ಪಿಪಿಪಿ0 ಮೂಲಕ ಹೋಗಬಲ್ಲದ್ದು 1492 ಮಾತ್ರ. ಆದರೆ ನಿಮ್ಮ ಆಫೀಸಿನ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅದು ನೋಡುತ್ತಿರುವುದು ನಿಮ್ಮ ಲ್ಯಾನ್ ತಂತಿಯನ್ನು, ಅಲ್ಲಿ 1500 ಸಲೀಸಾಗಿ ಹೋಗುತ್ತದೆ. ಫೋಟೊ ಕಳುಹಿಸುವಾಗ ಅದು 1500 ಬೈಟಿನ ಪ್ಯಾಕೆಟ್ಟುಗಳನ್ನು, ಇವನ್ನು ತುಂಡು ಮಾಡಬಾರದು ಎಂಬ ಗುರುತಿನೊಂದಿಗೆ, ರೂಟರಿಗೆ ಕೊಡುತ್ತದೆ. ರೂಟರ್ ಅದನ್ನು ಪಿಪಿಪಿ0 ಒಳಗೆ ತೂರಿಸಲಾಗದೆ ಎಸೆಯುತ್ತದೆ. ಎಸೆಯುವಾಗ ‘ಇದು ದೊಡ್ಡದಾಯಿತು, 1492ರ ಒಳಗೆ ಕಳುಹಿಸು’ ಎಂದು ಕಳುಹಿಸಿದವರಿಗೆ ತಿಳಿಸಬೇಕಾದದ್ದು ಐಸಿಎಂಪಿ ಸಂದೇಶ, ಅಂದರೆ ಟೈಪ್ 3, ಕೋಡ್ 4. ನಿಮ್ಮ ಔಟ್‌ಪುಟ್ ಸರಪಳಿ ಆ ಸಂದೇಶವನ್ನೇ ಕೊಲ್ಲುತ್ತಿದೆ. ಬಾಗಿಲಿಗಿಂತ ದೊಡ್ಡ ಗಂಟನ್ನು ಹೊತ್ತು ತಂದವನಿಗೆ ‘ಒಳಗೆ ಹೋಗುವುದಿಲ್ಲ, ಬಿಚ್ಚಿ ತಾ’ ಎನ್ನಬೇಕಾದ ಕಾವಲುಗಾರನ ಬಾಯಿಗೆ ಬಟ್ಟೆ ಕಟ್ಟಿದಂತಾಗಿದೆ. ಕಂಪ್ಯೂಟರ್ ಅದೇ ಗಂಟನ್ನು ಮತ್ತೆ ಮತ್ತೆ ತರುತ್ತಲೇ ಇರುತ್ತದೆ.

ಕೆಲವು ತಾಣಗಳು ತೆರೆಯುವುದಕ್ಕೂ ಕಾರಣವಿದೆ. ಚಿಕ್ಕ ಪುಟವಾದರೆ ಪ್ಯಾಕೆಟ್ 1492ರ ಒಳಗೇ ಇರುತ್ತದೆ. ಇನ್ನು ದೊಡ್ಡ ತಾಣಗಳಲ್ಲಿ ಹಲವು ಈಗ ಟಿಸಿಪಿ ಎಂಬ ಹಳೆಯ ಸಾಗಣೆ ಕ್ರಮದ ಬದಲು ಕ್ವಿಕ್ ಎಂಬ ಹೊಸದನ್ನು ಬಳಸುತ್ತವೆ; ಕ್ವಿಕ್ 1200 ಬೈಟಿನ ಆಸುಪಾಸಿನಿಂದ ಆರಂಭಿಸಿ ತಾನೇ ದಾರಿಯ ಗಾತ್ರವನ್ನು ಅಳೆದುಕೊಳ್ಳುತ್ತದೆ. ಆದ್ದರಿಂದ ‘ಆ ತಾಣ ಬರುತ್ತದೆ, ಈ ತಾಣ ಬರುವುದಿಲ್ಲ’ ಎಂಬ ದೂರು ಕೇಳಿದರೆ ತಾಣದ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಮೇಲೆ ಸಂಶಯಪಡುವ ಮೊದಲು ಪ್ಯಾಕೆಟ್ಟಿನ ಗಾತ್ರವನ್ನು ನೋಡುವುದು ಒಳ್ಳೆಯದು.

ಪರಿಹಾರ ಎರಡು, ಎರಡನ್ನೂ ಮಾಡಬೇಕು. ಒಂದು, ಐಸಿಎಂಪಿ ಡ್ರಾಪ್ ನಿಯಮಗಳನ್ನು ತೆಗೆಯಿರಿ. ಎರಡು, ಫಾರ್ವರ್ಡ್ ಸರಪಳಿಯಲ್ಲಿ ಈ ಸಾಲನ್ನು ಸೇರಿಸಿರಿ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು:

ಟಿಸಿಪಿ ಫ್ಲ್ಯಾಗ್ಸ್ ಸಿನ್ ಟಿಸಿಪಿ ಆಪ್ಷನ್ ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು

ಟಿಸಿಪಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ‘ನನಗೆ ಇಷ್ಟು ದೊಡ್ಡ ತುಂಡು ಕಳುಹಿಸಬಹುದು’ ಎಂದು ಒಂದು ಸಂಖ್ಯೆ ಹೇಳಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು 1460. ಈ ನಿಯಮ ದಾರಿಯಲ್ಲೇ ಆ ಸಂಖ್ಯೆಯನ್ನು 1452ಕ್ಕೆ ಇಳಿಸುತ್ತದೆ. 1492ರಲ್ಲಿ ಐಪಿಯ 20, ಟಿಸಿಪಿಯ 20 ಕಳೆದರೆ ಉಳಿಯುವುದು ಅಷ್ಟೇ. ಮೊದಲು ಐಪಿ ಲಿಂಕ್ ಶೋ ಪಿಪಿಪಿ0 ಎಂಬ ಆಜ್ಞೆ ಕೊಟ್ಟು ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಎಂದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಉತ್ತರ: ಎಡದಂಡೆ, ಗಂಗಾವತಿ

ಎರಡನೆಯ ತೊಂದರೆಗೆ ನಾನು ಉತ್ತರಿಸುತ್ತೇನೆ. ಇದು ಮೊದಲನೆಯದಕ್ಕಿಂತ ಗಂಭೀರವಾದದ್ದು, ದಯವಿಟ್ಟು ಇಂದೇ ಸರಿಪಡಿಸಿರಿ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಔಟ್‌ಪುಟ್ ಸರಪಳಿಯಲ್ಲಿ ಐಸಿಎಂಪಿಯನ್ನು ಡ್ರಾಪ್ ಮಾಡಿದ್ದೇನೆ ಎಂದಿದ್ದೀರಿ. ಆದರೆ ಕರೆಂಟ್ ಬಂದ ಮೇಲೆ ರೂಟರಿನಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತದೆ ಎಂದೂ ಹೇಳಿದ್ದೀರಿ. ಪಿಂಗ್ ಎಂಬುದೇ ಐಸಿಎಂಪಿ. ನಿಮ್ಮ ನಿಯಮಗಳು ಜಾರಿಯಲ್ಲಿದ್ದರೆ ಆ ಪಿಂಗ್ ಹೋಗಲು ಸಾಧ್ಯವೇ ಇಲ್ಲ. ಅಂದರೆ ಆ ಹೊತ್ತಿನಲ್ಲಿ ನಿಮ್ಮ ಫೈರ್‌ವಾಲ್ ಎಂಬುದು ಇರುವುದೇ ಇಲ್ಲ. ಮಾಸ್ಕರೇಡ್ ಕೂಡ ಇಲ್ಲದ್ದರಿಂದ ಕಂಪ್ಯೂಟರುಗಳಿಗೆ ಇಂಟರ್ನೆಟ್ ಸಿಗುವುದಿಲ್ಲ, ನಿಮಗೆ ಕಣ್ಣಿಗೆ ಬೀಳುವುದು ಅದೊಂದೇ. ಕಾಣದೆ ಉಳಿದದ್ದು, ರೂಟರಿನ ಎಲ್ಲ ಬಾಗಿಲುಗಳೂ ಆಗ ತೆರೆದಿರುತ್ತವೆ ಎಂಬುದು. ಮುಂದಿನ ಸಲ ಕರೆಂಟ್ ಬಂದ ಕೂಡಲೇ, ಬೇರೇನೂ ಮುಟ್ಟದೆ, ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಎಂದು ಕೊಟ್ಟು ನೋಡಿರಿ. ಉತ್ತರ ಖಾಲಿ ಬರುತ್ತದೆ.

ಕಾರಣ ನೀವು ಬಳಸಿದ ಐಐಎಫ್ ಮತ್ತು ಒಐಎಫ್ ಎಂಬ ಎರಡು ಪದಗಳು. ಇವು ಇಂಟರ್ಫೇಸ್‌ನ ಹೆಸರನ್ನು ನೆನಪಿಡುವುದಿಲ್ಲ. ನಿಯಮ ಲೋಡ್ ಆಗುವ ಕ್ಷಣದಲ್ಲಿ ಆ ಹೆಸರಿಗೆ ಕರ್ನಲ್ (ಲಿನಕ್ಸ್‌ನ ತಿರುಳು) ಕೊಟ್ಟಿರುವ ಕ್ರಮಸಂಖ್ಯೆಯನ್ನು ಹುಡುಕಿ ಅದನ್ನು ಇಟ್ಟುಕೊಳ್ಳುತ್ತವೆ. ಡೆಬಿಯನ್‌ನಲ್ಲಿ ಎನ್‌ಎಫ್‌ಟೇಬಲ್ಸ್ ಸೇವೆ ಜಾಲ ಮೇಲೇಳುವ ಮುಂಚೆಯೇ ಓಡುತ್ತದೆ, ಅದು ಸರಿಯಾದ ಕ್ರಮವೂ ಹೌದು. ಆದರೆ ಆ ಕ್ಷಣದಲ್ಲಿ ಪಿಪಿಪಿ0 ಇನ್ನೂ ಹುಟ್ಟಿರುವುದಿಲ್ಲ. ಹುಡುಕಿದ ಹೆಸರು ಸಿಗದೆ ಆ ಸಾಲು ದೋಷವಾಗುತ್ತದೆ. ಎನ್‌ಎಫ್‌ಟೇಬಲ್ಸ್ ಇಡೀ ಫೈಲನ್ನು ಒಂದೇ ವಹಿವಾಟಿನಂತೆ ಲೋಡ್ ಮಾಡುವುದರಿಂದ, ಒಂದು ಸಾಲು ತಪ್ಪಿದರೆ ಒಂದು ಸಾಲೂ ಲೋಡ್ ಆಗುವುದಿಲ್ಲ. ನಡೆಯುತ್ತಿರುವ ಯಂತ್ರದಲ್ಲಿ ಇದು ಒಳ್ಳೆಯ ಗುಣ, ಹಳೆಯ ನಿಯಮಗಳು ಹಾಗೇ ಉಳಿಯುತ್ತವೆ. ಆಗಷ್ಟೇ ಎದ್ದ ಯಂತ್ರದಲ್ಲಿ ಉಳಿಯುವುದಕ್ಕೆ ಹಳೆಯದೇ ಇರುವುದಿಲ್ಲ.

ರಾತ್ರಿ ಲೈನ್ ಕಡಿದು ಬಂದಾಗಿನದು ಇದರದೇ ಇನ್ನೊಂದು ಮುಖ. ಆಗ ನಿಯಮಗಳೇನೋ ಜಾರಿಯಲ್ಲಿರುತ್ತವೆ, ಆದರೆ ಹೊಸದಾಗಿ ಹುಟ್ಟಿದ ಪಿಪಿಪಿ0ಗೆ ಕರ್ನಲ್ ಹೊಸ ಕ್ರಮಸಂಖ್ಯೆ ಕೊಡುತ್ತದೆ. ನಿಮ್ಮ ನಿಯಮಗಳು ಸತ್ತುಹೋದ ಹಳೆಯ ಸಂಖ್ಯೆಯನ್ನೇ ಕಾಯುತ್ತ ನಿಂತಿರುತ್ತವೆ.

ಮಾಡಬೇಕಾದದ್ದು ಇಷ್ಟೇ: ಪಿಪಿಪಿ0 ಬರುವ ಪ್ರತಿಯೊಂದು ಸಾಲಿನಲ್ಲೂ ಐಐಎಫ್ ಇದ್ದಲ್ಲಿ ಐಐಎಫ್‌ನೇಮ್, ಒಐಎಫ್ ಇದ್ದಲ್ಲಿ ಒಐಎಫ್‌ನೇಮ್ ಎಂದು ಬದಲಿಸಿರಿ. ಇವು ಪ್ರತಿ ಪ್ಯಾಕೆಟ್ಟಿಗೂ ಹೆಸರನ್ನೇ ಹೋಲಿಸುತ್ತವೆ, ಇಂಟರ್ಫೇಸ್ ಇನ್ನೂ ಹುಟ್ಟದಿದ್ದರೂ ಲೋಡ್ ಆಗುತ್ತವೆ. ಲೋ ಎಂಬ ಒಳ ಇಂಟರ್ಫೇಸ್‌ಗೆ ಐಐಎಫ್ ಇದ್ದರೆ ತೊಂದರೆಯಿಲ್ಲ, ಅದು ಯಾವಾಗಲೂ ಇರುತ್ತದೆ. ಹೆಸರು ಹೋಲಿಸುವುದು ಸಂಖ್ಯೆ ಹೋಲಿಸುವುದಕ್ಕಿಂತ ತುಸು ನಿಧಾನ ಎಂದು ಕೆಲವರು ಹೇಳುವುದುಂಟು. ನಾಲ್ಕು ಕಂಪ್ಯೂಟರಿನ ಆಫೀಸಿನಲ್ಲಿ ಆ ವ್ಯತ್ಯಾಸ ನಿಮಗೆ ಎಂದೂ ಕಾಣುವುದಿಲ್ಲ. ಫೈಲ್ ಬದಲಿಸಿದ ಮೇಲೆ ಎನ್‌ಎಫ್‌ಟಿ -ಸಿ -ಎಫ್ ಎಂದು ಕೊಟ್ಟು ಪರೀಕ್ಷಿಸಿ, ಅದು ಜಾರಿ ಮಾಡದೆ ತಪ್ಪುಗಳನ್ನು ಮಾತ್ರ ತೋರಿಸುತ್ತದೆ. ಆದರೆ ಪಿಪಿಪಿ0 ಇರುವಾಗ ಪರೀಕ್ಷಿಸಿದರೆ ಈ ತಪ್ಪು ಹೊರಬೀಳುವುದಿಲ್ಲ. ನಿಜವಾದ ಪರೀಕ್ಷೆ ಎಂದರೆ ಯಂತ್ರವನ್ನು ಪೂರ್ತಿ ಆರಿಸಿ, ಮೋಡೆಮ್‌ನ ತಂತಿ ಕಿತ್ತಿಟ್ಟು, ಮತ್ತೆ ಹಚ್ಚಿ ನಿಯಮಗಳು ಬಂದಿವೆಯೇ ಎಂದು ನೋಡುವುದು. ನಾನು ಯಾವ ರೈಸ್ ಮಿಲ್ಲಿಗೆ ರೂಟರ್ ಹಾಕಿಕೊಟ್ಟರೂ ಈ ಪರೀಕ್ಷೆ ಮಾಡದೆ ಅಲ್ಲಿಂದ ಏಳುವುದಿಲ್ಲ.

ಇನ್ನೊಂದು ಮಾತು. ಇಷ್ಟು ದಿನ ಪ್ರತಿ ಬಾರಿ ಕರೆಂಟ್ ಹೋಗಿ ಬಂದಾಗಲೂ ದೂರದಿಂದ ಯಂತ್ರಕ್ಕೆ ಲಾಗಿನ್ ಆಗುವ ನಿಮ್ಮ ಎಸ್‌ಎಸ್‌ಎಚ್ ತೆರೆದಿತ್ತು. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯಿಂದ ಎಸ್‌ಎಸ್‌ಎಚ್ ದಾಖಲೆ ತೆಗೆದು, ‘ಅಕ್ಸೆಪ್ಟೆಡ್’ ಎಂದಿರುವ ಪ್ರತಿಯೊಂದು ಸಾಲಿನ ವಿಳಾಸವೂ ನಿಮ್ಮ ಲ್ಯಾನ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀಲಿ ಲಾಗಿನ್ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಕೌಲ್‌ಬಜಾರ್ ಜೀನ್ಸ್, ಬಳ್ಳಾರಿ

ಇಬ್ಬರಿಗೂ ಮನಸಾರೆ ಧನ್ಯವಾದಗಳು. ಗಂಗಾವತಿಯ ಸರ್ ಹೇಳಿದ್ದು ಅಕ್ಷರಶಃ ನಿಜವಾಯಿತು. ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಬಂದ ಕೂಡಲೇ ಲಿಸ್ಟ್ ರೂಲ್‌ಸೆಟ್ ಕೊಟ್ಟೆ, ಒಂದು ಸಾಲೂ ಬರಲಿಲ್ಲ. ಅದನ್ನು ನೋಡಿ ಕೈ ತಣ್ಣಗಾಯಿತು, ಏಕೆಂದರೆ ಈ ಯಂತ್ರವನ್ನು ತಂದದ್ದೇ ರಕ್ಷಣೆಗೆಂದು. ದಾಖಲೆಯಲ್ಲಿ ಇಂಟರ್ಫೇಸ್ ಅಸ್ತಿತ್ವದಲ್ಲಿಲ್ಲ ಎಂಬ ದೋಷ ಪ್ರತಿ ಬಾರಿಯೂ ದಾಖಲಾಗಿದೆ. ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಎಲ್ಲ ಸಾಲುಗಳಲ್ಲೂ ಐಐಎಫ್‌ನೇಮ್, ಒಐಎಫ್‌ನೇಮ್ ಮಾಡಿದ್ದೇನೆ. ಮೋಡೆಮ್ ತಂತಿ ಕಿತ್ತು ಮೂರು ಸಲ ಆರಿಸಿ ಹಚ್ಚಿದೆ, ಮೂರೂ ಸಲ ನಿಯಮಗಳು ಬಂದವು. ಎಸ್‌ಎಸ್‌ಎಚ್ ದಾಖಲೆಯಲ್ಲಿ ಹೊರಗಿನ ವಿಳಾಸ ಯಾವುದೂ ಇಲ್ಲ.

ಮೊದಲನೆಯ ತೊಂದರೆ ಅರ್ಧ ಮಾತ್ರ ಬಗೆಹರಿದಿದೆ. ಎಂಟಿಯು 1492 ಎಂದೇ ಇದೆ. ರಾಯಚೂರಿನ ಸರ್ ಕೊಟ್ಟ ಸಾಲನ್ನು ಫಾರ್ವರ್ಡ್ ಸರಪಳಿಯ ಕೊನೆಯಲ್ಲಿ, ಲ್ಯಾನ್‌ನಿಂದ ಪಿಪಿಪಿ0ಗೆ ಅನುಮತಿ ಕೊಡುವ ಸಾಲಿನ ಸ್ವಲ್ಪ ಮೇಲೆ ಸೇರಿಸಿದೆ. ತೆರೆಯದೆ ಕೂರುತ್ತಿದ್ದ ತಾಣಗಳೆಲ್ಲ ಈಗ ತೆರೆಯುತ್ತಿವೆ. ಆದರೆ ಫೋಟೊ ಏರಿಸುವುದು ಮೊದಲಿನಂತೆಯೇ ಅರ್ಧಕ್ಕೆ ನಿಲ್ಲುತ್ತದೆ. ಐಸಿಎಂಪಿ ನಿಯಮಗಳನ್ನು ಇನ್ನೂ ತೆಗೆದಿಲ್ಲ. ತೆಗೆದರೆ ದಾಳಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ ಎಂಬ ಭಯ ಮನಸ್ಸಿನಿಂದ ಹೋಗುತ್ತಿಲ್ಲ.

ಉತ್ತರ: ಪ್ರಯೋಗಾಲಯ ಸಹಾಯಕ, ರಾಯಚೂರು

ಪುಟ ಇಳಿಯುವುದು ಸರಿಹೋಗಿ, ಫೋಟೊ ಏರುವುದು ಸರಿಹೋಗದಿರುವುದು ಏಕೆಂದು ನಿಯಮದ ಸ್ಥಾನವೇ ಹೇಳುತ್ತದೆ. ಸಾಲನ್ನು ಎಲ್ಲಿ ಸೇರಿಸಬೇಕೆಂದು ನಾನು ಮೊದಲೇ ಬರೆಯಬೇಕಾಗಿತ್ತು, ಆ ಲೋಪ ನನ್ನದು.

ಸಂಪರ್ಕದ ಮೊದಲ ಪ್ಯಾಕೆಟ್ ಸಿನ್. ಅದು ನಿಮ್ಮ ಕಂಪ್ಯೂಟರಿನಿಂದ ಹೊರಡುತ್ತದೆ. ಅದರಲ್ಲಿರುವ ಸಂಖ್ಯೆ, ಆ ಕಡೆಯ ಸರ್ವರ್ ನಿಮಗೆ ಎಷ್ಟು ದೊಡ್ಡ ತುಂಡು ಕಳುಹಿಸಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಈ ಪ್ಯಾಕೆಟ್ ಹೊಸ ಸಂಪರ್ಕದ್ದಾದ್ದರಿಂದ ಎಸ್ಟಾಬ್ಲಿಷ್ಡ್ ಸಾಲನ್ನು ದಾಟಿ ಕೆಳಗೆ ಬಂದು, ನೀವು ಸೇರಿಸಿದ ಸಾಲಿನಲ್ಲಿ ತಿದ್ದಲ್ಪಡುತ್ತದೆ. ಹಾಗಾಗಿ ಪುಟಗಳು ಇಳಿಯುತ್ತಿವೆ. ಸರ್ವರಿನಿಂದ ಮರಳಿ ಬರುವುದು ಸಿನ್-ಆಕ್. ನೀವು ಎಷ್ಟು ದೊಡ್ಡ ತುಂಡು ಕಳುಹಿಸಬಹುದು ಎಂಬ ಸಂಖ್ಯೆ ಇರುವುದು ಅದರಲ್ಲಿ. ಆದರೆ ಅದು ಬರುವ ಹೊತ್ತಿಗೆ ಕರ್ನಲ್‌ನ ಲೆಕ್ಕದಲ್ಲಿ ಸಂಪರ್ಕ ಎಸ್ಟಾಬ್ಲಿಷ್ಡ್ ಆಗಿರುತ್ತದೆ, ಮೇಲಿನ ಅನುಮತಿ ಸಾಲಿನಲ್ಲೇ ಅದು ಒಳಗೆ ಹೋಗಿಬಿಡುತ್ತದೆ, ನಿಮ್ಮ ಸಾಲಿನ ತನಕ ಇಳಿಯುವುದೇ ಇಲ್ಲ. ನಿಮ್ಮ ಕಂಪ್ಯೂಟರ್ ತಿದ್ದದ 1460ನ್ನೇ ನಂಬಿ ದೊಡ್ಡ ಪ್ಯಾಕೆಟ್ಟುಗಳನ್ನು ಕಟ್ಟುತ್ತದೆ.

ಆ ಸಾಲನ್ನು ಫಾರ್ವರ್ಡ್ ಸರಪಳಿಯ ಮೊಟ್ಟಮೊದಲ ಸಾಲಾಗಿ ಇಡಿ. ಅದು ಅನುಮತಿಯನ್ನೂ ಕೊಡುವುದಿಲ್ಲ, ತಡೆಯುವುದೂ ಇಲ್ಲ, ಸಂಖ್ಯೆಯನ್ನು ತಿದ್ದಿ ಪ್ಯಾಕೆಟ್ಟನ್ನು ಮುಂದಿನ ಸಾಲಿಗೆ ಬಿಡುತ್ತದೆ. ಮೇಲೆ ಇಡುವುದರಿಂದ ರಕ್ಷಣೆಗೆ ಯಾವ ಕುಂದೂ ಬರುವುದಿಲ್ಲ. ಬರೆಯುವಾಗ ‘ಫ್ಲ್ಯಾಗ್ಸ್ ಸಿನ್’ ಎಂದಷ್ಟೇ ಬರೆಯಿರಿ. ನಡುವೆ ಎರಡು ಸಮಚಿಹ್ನೆ ಹಾಕಿದರೆ ಬರಿ ಸಿನ್ ಮಾತ್ರ ಹೊಂದಿಕೆಯಾಗುತ್ತದೆ, ಸಿನ್-ಆಕ್ ಮತ್ತೆ ತಪ್ಪಿಸಿಕೊಳ್ಳುತ್ತದೆ.

ಇನ್ನು ಐಸಿಎಂಪಿಯ ಭಯ. ನಿಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. 1990ರ ದಶಕದಲ್ಲಿ ದೈತ್ಯಗಾತ್ರದ ಒಂದು ಪಿಂಗ್‌ನಿಂದ ಯಂತ್ರಗಳು ಬಿದ್ದದ್ದುಂಟು. ಇಡೀ ಜಾಲಕ್ಕೆ ಒಂದೇ ಸಲ ಪಿಂಗ್ ಮಾಡಿಸಿ ಬೇರೊಬ್ಬರ ಮೇಲೆ ಉತ್ತರಗಳ ಪ್ರವಾಹ ಹರಿಸಿದ್ದೂ ಉಂಟು. ಆ ಕಾಲದಲ್ಲಿ ಕೆಲಸ ಕಲಿತವರಿಗೆ ‘ಐಸಿಎಂಪಿ ಮುಚ್ಚು’ ಎಂಬುದು ರಕ್ತಗತವಾಯಿತು. ಇಂದಿನ ಲಿನಕ್ಸ್ ಕರ್ನಲ್ ಪ್ರಸಾರ ವಿಳಾಸಕ್ಕೆ ಬಂದ ಪಿಂಗ್‌ಗೆ ತಾನಾಗಿಯೇ ಉತ್ತರಿಸುವುದಿಲ್ಲ, ದೋಷ ಸಂದೇಶಗಳನ್ನು ಕಳುಹಿಸುವ ವೇಗಕ್ಕೂ ತಾನೇ ಮಿತಿ ಹಾಕಿಕೊಂಡಿದೆ. ದಾರಿಯ ಗಾತ್ರವನ್ನು ಐಸಿಎಂಪಿಯಿಂದ ಕಂಡುಕೊಳ್ಳುವ ಕ್ರಮವಂತೂ 1990ರಲ್ಲೇ ಆರ್‌ಎಫ್‌ಸಿ 1191 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಬಂದಿದೆ. ಅದನ್ನು ಮುಚ್ಚಿದವರು ಐಪಿಯ ಒಂದು ಅಂಗವನ್ನೇ ಕಟ್ಟಿಹಾಕಿದಂತೆ. ಮುಂದೆ ನಿಮಗೆ ಹೊಸ ವಿಳಾಸ ಕ್ರಮವಾದ ಐಪಿವಿ6 ಸಿಕ್ಕರೆ ಈ ನಿಷೇಧ ಇನ್ನೂ ಕೆಟ್ಟದ್ದು: ಅಲ್ಲಿ ಪಕ್ಕದ ಯಂತ್ರದ ವಿಳಾಸ ಕಂಡುಹಿಡಿಯುವುದೂ ಐಸಿಎಂಪಿವಿ6 ಮೂಲಕವೇ ಆಗುವುದರಿಂದ, ಅದನ್ನು ಮುಚ್ಚಿದರೆ ಐಪಿವಿ6 ಒಂದು ಹೆಜ್ಜೆಯೂ ನಡೆಯುವುದಿಲ್ಲ.

ಎಲ್ಲವನ್ನೂ ತೆರೆದಿಡಿ ಎಂದು ನಾನು ಹೇಳುತ್ತಿಲ್ಲ. ಮೂರೂ ಸರಪಳಿಗಳಿಂದ ಡ್ರಾಪ್ ಸಾಲನ್ನು ತೆಗೆದರೆ ಸಾಕು. ನಡೆಯುತ್ತಿರುವ ಸಂಪರ್ಕಕ್ಕೆ ಸಂಬಂಧಿಸಿದ ದೋಷ ಸಂದೇಶಗಳನ್ನು ‘ರಿಲೇಟೆಡ್’ ಎಂಬ ನಿಮ್ಮ ಹಳೆಯ ಸಾಲೇ ಒಳಗೆ ಬಿಡುತ್ತದೆ. ಹೊರಗಿನವರು ರೂಟರಿಗೆ ಮಾಡುವ ಪಿಂಗ್ ಇನ್‌ಪುಟ್‌ನ ಮೂಲನೀತಿಯಲ್ಲಿ ಬಿದ್ದುಹೋಗುತ್ತದೆ. ನಾನಂತೂ ಅದಕ್ಕೂ ಸೆಕೆಂಡಿಗೆ ಐದು ಎಂಬ ಮಿತಿಯೊಂದಿಗೆ ಅನುಮತಿ ಕೊಡುತ್ತೇನೆ, ಲೈನ್ ಇದೆಯೋ ಇಲ್ಲವೋ ಎಂದು ದೂರದಿಂದ ತಿಳಿಯಲು ಬೇಕಾಗುತ್ತದೆ. ಅದು ನಿಮ್ಮ ಇಷ್ಟ.

ತೆಗೆದ ಮೇಲೆ ವಿಂಡೋಸ್ ಕಂಪ್ಯೂಟರಿನಿಂದ ಪಿಂಗ್ -ಎಫ್ -ಎಲ್ 1464 ಎಂದು ಹೊರಗಿನ ವಿಳಾಸಕ್ಕೆ ಕೊಡಿ, ಉತ್ತರ ಬರಬೇಕು. 1464ಕ್ಕೆ ಐಸಿಎಂಪಿಯ 8, ಐಪಿಯ 20 ಸೇರಿದರೆ ಸರಿಯಾಗಿ 1492. ನಂತರ 1465 ಕೊಡಿ. ‘ಪ್ಯಾಕೆಟ್ಟನ್ನು ತುಂಡು ಮಾಡಬೇಕಿದೆ’ ಎಂಬ ಅರ್ಥದ ಸಂದೇಶ ನಿಮ್ಮ ರೂಟರಿನಿಂದಲೇ ಬಂದರೆ ಎಲ್ಲವೂ ಸರಿಯಾಗಿದೆ. ಸುಮ್ಮನೆ ಸಮಯ ಮೀರಿದೆ ಎಂದು ಬಂದರೆ ಎಲ್ಲೋ ಇನ್ನೂ ಒಂದು ಡ್ರಾಪ್ ಉಳಿದಿದೆ ಎಂದರ್ಥ.

ಉತ್ತರ: ಕೋಟೆ ಕೆಳಗಿನವಳು, ಕೊಪ್ಪಳ

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕೊಪ್ಪಳದ ಒಂದು ತರಬೇತಿ ಕೇಂದ್ರದ ಜಾಲವನ್ನು ನೋಡಿಕೊಳ್ಳುವುದು ನನ್ನ ಕೆಲಸ.

100.64ರಿಂದ 100.127ರವರೆಗೆ ಆರಂಭವಾಗುವ ವಿಳಾಸಗಳು ಸಾರ್ವಜನಿಕ ವಿಳಾಸಗಳಲ್ಲ. ಐಪಿವಿ4 ವಿಳಾಸಗಳು ಸಾಲದೆ ಹೋದಾಗ, ಸೇವಾದಾರರು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲೆಂದು 2012ರಲ್ಲಿ ಈ ಸಾಲನ್ನು ಪ್ರತ್ಯೇಕವಾಗಿ ತೆಗೆದಿಡಲಾಯಿತು. ನಿಮ್ಮ 100.72 ಅದರೊಳಗೇ ಬರುತ್ತದೆ. ಮನೆಯಿಂದ ನೀವು ಕಳುಹಿಸಿದ ಕೋರಿಕೆ ಸೇವಾದಾರರ ಯಂತ್ರದ ತನಕ ಬಂದು, ಅಲ್ಲಿಂದ ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಮುಗಿಯುತ್ತದೆ. ನಿಮ್ಮ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಎಷ್ಟು ಸರಿಯಾಗಿ ಬರೆದರೂ ಪ್ಯಾಕೆಟ್ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಗಂಗಾವತಿಯವರು ಹೇಳಿದ ತೆರೆದ ಬಾಗಿಲುಗಳಿಂದ ಹೊರಜಗತ್ತು ಒಳಗೆ ಬಾರದಿರಲು ಬಹುಶಃ ಇದೇ ಕಾರಣ. ಆದರೆ ಇದನ್ನು ರಕ್ಷಣೆ ಎಂದು ಎಣಿಸಬೇಡಿ. ಅದೇ ಸೇವಾದಾರರ ಇತರ ಗ್ರಾಹಕರಿಗೂ ನಿಮಗೂ ನಡುವೆ ಗೋಡೆ ಇದೆಯೇ ಎಂಬುದು ಅವರ ವ್ಯವಸ್ಥೆಗೆ ಬಿಟ್ಟದ್ದು.

ನಾನು ಹೇಳುವುದಾದರೆ, ಪೋರ್ಟ್ ಫಾರ್ವರ್ಡ್ ಸಾಧ್ಯವಿದ್ದರೂ ಡಿವಿಆರ್ ಅನ್ನು ಹಾಗೆ ಹೊರಗಿಡಬಾರದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಹೆಚ್ಚಾಗಿ ಕ್ಯಾಮೆರಾ ಮತ್ತು ಡಿವಿಆರ್‌ಗಳ ಮೂಲಕ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟವರ ಸಾಧನಗಳಲ್ಲಿ. ಪೋರ್ಟ್ ಫಾರ್ವರ್ಡ್ ಸಾಲನ್ನು ತೆಗೆದುಹಾಕಿ, ಎರಡು ಯಂತ್ರಗಳ ನಡುವೆ ಗೂಢಲಿಪಿಯ ಖಾಸಗಿ ಸುರಂಗ ಕಟ್ಟುವ ವೈರ್‌ಗಾರ್ಡ್ ಬಳಸಿರಿ. 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನಲ್‌ನಲ್ಲೇ ಇದೆ, ನಿಮ್ಮ ಡೆಬಿಯನ್ 12ರಲ್ಲಿ ಅದರ ಉಪಕರಣಗಳನ್ನು ಹಾಕಿಕೊಂಡರೆ ಸಾಕು. ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಪಡೆಯಿರಿ. ನಿಮ್ಮ ರೂಟರ್ ಒಳಗಿನಿಂದ ಅದಕ್ಕೆ ಸುರಂಗ ಕಟ್ಟಲಿ, ನಿಮ್ಮ ಮೊಬೈಲ್ ಹೊರಗಿನಿಂದ ಅದಕ್ಕೇ ಬರಲಿ. ರೂಟರಿನ ಕಡೆಯ ಸಂರಚನೆಯಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಬರೆಯುವುದನ್ನು ಮರೆಯಬೇಡಿ; ಅದು 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳುಹಿಸಿ ಸೇವಾದಾರರ ಯಂತ್ರದಲ್ಲಿ ದಾರಿಯನ್ನು ಜೀವಂತವಾಗಿಡುತ್ತದೆ. ಸುರಂಗದಲ್ಲಿ ಹೋಗಬಲ್ಲ ವಿಳಾಸಗಳ ಪಟ್ಟಿಯಾದ ಅಲೌಡ್ ಐಪಿಯಲ್ಲಿ ಡಿವಿಆರ್ ವಿಳಾಸವನ್ನೂ ಸುರಂಗದ ವಿಳಾಸಗಳನ್ನೂ ಬಿಟ್ಟು ಬೇರೇನನ್ನೂ ಸೇರಿಸಬೇಡಿ. ಸುರಂಗದ ಎಂಟಿಯು ಸಾಮಾನ್ಯವಾಗಿ 1420 ಇರುತ್ತದೆ, ನಿಮ್ಮದು ಪಿಪಿಪಿಒಇ ಆದ್ದರಿಂದ ಎರಡೂ ತುದಿಗಳಲ್ಲಿ 1412 ಇಡಿ. ಇಲ್ಲವಾದರೆ ಫೋಟೊದ ಕಥೆಯೇ ಕ್ಯಾಮೆರಾದ ಚಿತ್ರದಲ್ಲಿ ಮತ್ತೆ ಶುರುವಾಗುತ್ತದೆ.

ಡಿವಿಆರ್ ತಾನಾಗಿ ಹೊರಗೆ ಹೋಗಬಾರದು ಎಂಬ ನಿಮ್ಮ ಮೂಲ ಉದ್ದೇಶಕ್ಕೆ, ಎಸ್ಟಾಬ್ಲಿಷ್ಡ್ ಸಾಲಿಗಿಂತ ಮೇಲೆಯೇ, ಡಿವಿಆರ್ ವಿಳಾಸದಿಂದ ಪಿಪಿಪಿ0ಗೆ ಹೊರಡುವುದನ್ನು ಡ್ರಾಪ್ ಮಾಡುವ ಒಂದು ಸಾಲು ಹಾಕಿ. ಡಿವಿಆರ್‌ಗೆ ಡಿಎನ್‌ಎಸ್‌ಮಾಸ್ಕ್‌ನಲ್ಲಿ ಖಾಯಂ ವಿಳಾಸ ಕೊಟ್ಟಿರಬೇಕು, ಇಲ್ಲವಾದರೆ ಒಂದು ದಿನ ಆ ಸಾಲು ಪ್ರಿಂಟರನ್ನು ತಡೆಯುತ್ತ ಕೂತಿರುತ್ತದೆ.

ಪ್ರಶ್ನೆ ಕೇಳಿದವರು: ಕೌಲ್‌ಬಜಾರ್ ಜೀನ್ಸ್, ಬಳ್ಳಾರಿ

ಸಾಲನ್ನು ಮೇಲಕ್ಕೆ ತಂದ ಕ್ಷಣವೇ ಫೋಟೊ ಹೋಯಿತು. ನಲವತ್ತು ಫೋಟೊಗಳ ಒಂದು ಕಂತನ್ನು, ಐಸಿಎಂಪಿ ನಿಯಮಗಳನ್ನು ತೆಗೆಯುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಕಳುಹಿಸಿ ನೋಡಿದೆ, ಎರಡು ಸಲವೂ ನಿಲ್ಲದೆ ಹೋದವು. 1464ಕ್ಕೆ ಉತ್ತರ ಬಂತು, 1465ಕ್ಕೆ ತುಂಡು ಮಾಡಬೇಕೆಂಬ ಸಂದೇಶ ನನ್ನ ರೂಟರಿನ ವಿಳಾಸದಿಂದಲೇ ಬಂತು. ನನ್ನ ಹಿರಿಯರಿಗೂ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಅವರು ತಮ್ಮ ಎರಡು ಕಡೆಯ ರೂಟರುಗಳಲ್ಲೂ ಇದೇ ಸಾಲನ್ನು ಹುಡುಕುತ್ತೇನೆಂದು ಹೇಳಿದ್ದಾರೆ.

ಯಂತ್ರವನ್ನು ಆರಿಸಿ ಹಚ್ಚುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪೆಟ್ಟಿಗೆಯ ಮೇಲಿನ ಲೋಹದ ಏಣುಗಳು ಕೈಯಿಟ್ಟರೆ ಸುಡುವಷ್ಟು ಬಿಸಿಯಾಗಿದ್ದವು. ಏಣುಗಳ ಸಂದುಗಳಲ್ಲಿ ಕಟಿಂಗ್ ಕೋಣೆಯಿಂದ ಮೇಲೆ ಹಾರಿಬಂದ ನೂಲಿನ ಧೂಳು ಒತ್ತಾಗಿ ಕೂತಿತ್ತು; ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಕೆದಕಿದಾಗ ಕಂಬಳಿಯ ತುಂಡಿನಂತೆ ನೀಲಿ ಪದರವಾಗಿ ಎದ್ದು ಬಂತು. ಜೀನ್ಸ್ ಯೂನಿಟ್ ಇರುವವರು ಫ್ಯಾನ್ ಇಲ್ಲದ ಯಂತ್ರವೆಂದು ನಂಬಿ ಹಾಗೇ ಬಿಡದೆ ತಿಂಗಳಿಗೊಮ್ಮೆ ಅದನ್ನು ನೋಡಿಕೊಳ್ಳಬೇಕು. ನಾನು ಅದನ್ನು ಮೇಜಿನಿಂದ ಎತ್ತಿ, ಕಿಟಕಿಯ ಪಕ್ಕದ ಗೋಡೆಗೆ ಏಣುಗಳು ನೆಟ್ಟಗೆ ನಿಲ್ಲುವಂತೆ ಹೊಡೆದಿದ್ದೇನೆ.

ಕೊಪ್ಪಳದ ಮೇಡಂ ಅವರಿಗೆ ಒಂದೇ ಪ್ರಶ್ನೆ: ಮೊಬೈಲ್ ಮತ್ತು ರೂಟರ್ ಎರಡಕ್ಕೂ ಬೇರೆ ಬೇರೆ ಕೀಲಿ ಜೋಡಿ ಬೇಕೇ, ಒಂದನ್ನೇ ಎರಡೂ ಕಡೆ ಬಳಸಬಹುದೇ?

ಉತ್ತರ: ಕೋಟೆ ಕೆಳಗಿನವಳು, ಕೊಪ್ಪಳ

ಬೇರೆ ಬೇರೆಯೇ ಬೇಕು. ವೈರ್‌ಗಾರ್ಡ್ ಒಂದು ಕೀಲಿಯನ್ನು ಒಬ್ಬ ವ್ಯಕ್ತಿ ಎಂದೇ ಗುರುತಿಸುತ್ತದೆ. ಎರಡು ಕಡೆ ಒಂದೇ ಕೀಲಿ ಇದ್ದರೆ ಸರ್ವರ್ ಕೊನೆಯದಾಗಿ ಮಾತಾಡಿದ ವಿಳಾಸಕ್ಕೇ ಎಲ್ಲವನ್ನೂ ಕಳುಹಿಸುತ್ತ, ರೂಟರ್ ಮತ್ತು ಮೊಬೈಲ್ ಒಂದನ್ನೊಂದು ಹೊರದಬ್ಬುತ್ತಿರುತ್ತವೆ. ಖಾಸಗಿ ಕೀಲಿಯನ್ನು ಆಯಾ ಸಾಧನದಲ್ಲೇ ಹುಟ್ಟಿಸಿ ಅಲ್ಲಿಂದ ಹೊರಗೆ ತೆಗೆಯಬೇಡಿ, ಸಾರ್ವಜನಿಕ ಕೀಲಿಯನ್ನು ಮಾತ್ರ ಸರ್ವರಿಗೆ ಕೊಡಿ. ಹಾಗಿದ್ದರೆ ಮೊಬೈಲ್ ಕಳೆದುಹೋದ ದಿನ ಸರ್ವರಿನಿಂದ ಅದೊಂದು ಕೀಲಿಯನ್ನು ಅಳಿಸಿದರೆ ಸಾಕಾಗುತ್ತದೆ, ರೂಟರನ್ನು ಮುಟ್ಟಬೇಕಾಗುವುದಿಲ್ಲ.